ದೊಡ್ಡಪ್ಪನ ಕಡಲಾಚೆಯ ಸನ್ಮಾನ

ನಮ್ಮ ದೊಡ್ಡಪ್ಪನಿಂದ ಸನ್ಮಾನ ಮಾಡಿಸಿಕೊಳ್ಳದೆ ರಾಯದುರ್ಗ ದಾಟಿ ಹೋದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಅಂಥವರಿಗೆ ನಾನೇ ಒಂದು ಸನ್ಮಾನ ಮಾಡುತ್ತೇನೆ!

ಕೋಟೆ ಬೆಟ್ಟದ ಬುಡದಲ್ಲಿ ಅವರದು ಜೀನ್ಸ್ ಪ್ಯಾಂಟು ಹೊಲಿಸುವ ಪುಟ್ಟ ಕಾರ್ಖಾನೆ. ಹನ್ನೆರಡು ಮಷಿನು, ಹಣೆ ತುಂಬ ವಿಭೂತಿ, ಹೆಗಲಿಗೊಂದು ಚೀಲ. ಚೀಲದಲ್ಲಿ ಸದಾ ಒಂದು ಶಾಲು, ಒಂದು ಹಾರ. ಯಾರು ಯಾವಾಗ ಒಳ್ಳೆಯ ಕೆಲಸ ಮಾಡಿಬಿಡುತ್ತಾರೋ ಯಾರು ಬಲ್ಲರು? ಕರೆಂಟು ಸರಿಮಾಡಲು ಕಂಬ ಹತ್ತಿದ ಲೈನ್‌ಮನ್ ಕೆಳಗೆ ಹಾರ ಹಿಡಿದು ನಿಂತ ದೊಡ್ಡಪ್ಪನನ್ನು ಕಂಡು ಅರ್ಧ ಗಂಟೆ ಇಳಿದೇ ಇರಲಿಲ್ಲ. ಹಲ್ಲು ಕಿತ್ತ ಡಾಕ್ಟರಿಗಂತೂ ಕುರ್ಚಿಯಿಂದ ಇಳಿದ ಕೂಡಲೇ ಶಾಲು ಹೊದೆಸಿದರು. ಬಾಯಲ್ಲಿ ಹತ್ತಿ ತುಂಬಿದ್ದರಿಂದ ಭಾಷಣ ಮಾತ್ರ ಸಾಧ್ಯವಾಗಲಿಲ್ಲ. ಆ ಸುದ್ದಿ ಹರಡಿದ ಮೇಲೆ ಊರವರು ಪ್ರತಿ ಸಮಾರಂಭಕ್ಕೂ ಮುಂಚೆ, "ಸಾವ್ಕಾರ್ರೇ, ಇನ್ನೊಂದು ಹಲ್ಲು ಅಲುಗ್ತೈತೇನ್ರಿ?" ಎಂದು ಆಸೆಯಿಂದ ವಿಚಾರಿಸತೊಡಗಿದರು!

ಇಂಥ ದೊಡ್ಡಪ್ಪನ ಕಾರ್ಖಾನೆಯಲ್ಲಿ ಜೇಬು ಕೂಡಿಸುವ ಕೆಲಸ ಎಸ್ತೇರಮ್ಮನದು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಜೇಬುಗಳ ಮೇಲೆ ಜೇಬು ಹೊಲಿದು ಒಬ್ಬಳೇ ಮಗಳು ಸುಗುಣಳನ್ನು ಓದಿಸಿದ್ದಳು. ಸುಗುಣ ಅನಂತಪುರದಲ್ಲಿ ಡಿಗ್ರಿ ಮುಗಿಸಿ, ಸ್ಕಾಲರ್‌ಶಿಪ್ ಪಡೆದು, ಫಿಲಿಪ್ಪೀನ್ಸ್ ದೇಶದ ಒಂದು ಸೆಮಿನರಿ ಸೇರಿದ್ದಳು. ಸೆಮಿನರಿ ಎಂದರೆ ಪಾದ್ರಿಗಳಾಗುವವರು, ಬೈಬಲ್ ಬೋಧಿಸುವವರು ಓದುವ ಕಾಲೇಜು. ನಾಲ್ಕು ವರ್ಷದ ಓದು ಮುಗಿದು, ಪದವಿ ಪ್ರದಾನಕ್ಕೆ ತಾಯಿ ಬರಲೇಬೇಕೆಂದು ಕಾಗದ ಬಂತು.

"ನಾ ಹೆಂಗ ಹೋಗಲ್ರೀ ಸಾವ್ಕಾರ್ರೇ? ಇಲ್ಲೇ ಪಕ್ಕದ ಕಣೇಕಲ್ಲಿನ ಬಸ್ಸು ಹತ್ತಿದ್ರೇ ವಾಂತಿ ಆಗ್ತೈತಿ. ವಿಮಾನ ಅಂದ್ರ ದೇವುಡಾ!"

"ಎಷ್ಟು ಮಂದಿ ಪಾಸಾಗ್ಯಾರ?" ಎಂದರು ದೊಡ್ಡಪ್ಪ.

"ಇಪ್ಪತ್ತೇಳು ಮಂದಿ ಅಂತ್ರಿ."

ಇಪ್ಪತ್ತೇಳು! ಒಂದೇ ಜಾಗದಲ್ಲಿ! ದೊಡ್ಡಪ್ಪನ ಕಣ್ಣು ಅರಳಿದ ರೀತಿ ನೋಡಿಯೇ ನನಗೆ ಭಯವಾಯಿತು. "ನಡಿ ಎಸ್ತೇರಮ್ಮ, ನಾ ಬರ್ತೀನಿ" ಎಂದವರೇ ನನ್ನ ಕಡೆ ತಿರುಗಿ, "ನೀನೂ ಬಾರವ್ವ, ಇಂಗ್ಲಿಷ್ ಟೀಚರು ಆಗಿ ಒಂದ್ಸಲನಾದ್ರೂ ಊರಿಗೆ ಉಪಯೋಗ ಆಗು" ಎಂದರು.

ನೆಂಟರಲ್ಲಿ ಗುಸುಗುಸು ಎದ್ದಿತು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ಪಾದ್ರಿಗಳ ಕಾಲೇಜಿಗೆ ಯಾಕೆ ಹೊರಟರು ಎಂದು ಚಿಕ್ಕಪ್ಪ ನೇರವಾಗಿಯೇ ಕೇಳಿದರು.

ದೊಡ್ಡಪ್ಪ ಹೇಳಿದರು: "ಅವ್ರು ನಾಕು ವರ್ಷ ದೇವರ ಬಗ್ಗೆ ಓದಿ ಪಾಸಾಗ್ಯಾರ. ನೀನು ಅರವತ್ತು ವರ್ಷದಿಂದ ಪೂಜಿ ಮಾಡ್ತಿ. ಒಂದಾದ್ರೂ ಪರೀಕ್ಷೆಗೆ ಕುಂತೀಯೇನು?"

ಚಿಕ್ಕಪ್ಪ ಪೂಜೆಗೆ ಹೊತ್ತಾಯಿತೆಂದು ಎದ್ದು ಹೋದರು.

ಎಸ್ತೇರಮ್ಮ ವಿಮಾನದಲ್ಲಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಾ ಕುಳಿತಳು. ವಾಂತಿಯಾದದ್ದು ನನಗೆ! ಅಲ್ಲಿ ಇಳಿದ ಮೇಲೆ ನಿಜವಾದ ಪೇಚು ಶುರುವಾಯಿತು. ಸಾಮಾನು ತಪಾಸಣೆಯ ಅಧಿಕಾರಿಣಿ ದೊಡ್ಡಪ್ಪನ ಪೆಟ್ಟಿಗೆ ತೆರೆದು, ಮೂವತ್ತು ಶಾಲುಗಳ ಕೆಳಗಿದ್ದ ವಿಭೂತಿ ಗಟ್ಟಿಗಳನ್ನು ಎತ್ತಿ ಹಿಡಿದು, ಇದೇನೆಂದು ಕೇಳಿದಳು. ಪವಿತ್ರ ಬೂದಿ ಎಂದೆ. ಅವಳ ಮುಖ ಇಳಿದುಹೋಯಿತು. "ಯಾರದು?" ಎಂದು ಮೆಲ್ಲಗೆ ಕೇಳಿದಳು. ಹಸುವಿನ ಸಗಣಿಯದು ಎಂದು ಹೇಗೆ ವಿವರಿಸಲಿ? ತಡವರಿಸಿದೆ. ನನ್ನ ತಡವರಿಕೆಯನ್ನು ದುಃಖವೆಂದು ತಿಳಿದ ಆ ಪುಣ್ಯಾತ್ಗಿತ್ತಿ ದೊಡ್ಡಪ್ಪನ ಎರಡೂ ಕೈ ಹಿಡಿದು ಸಂತಾಪ ಸೂಚಿಸಿದಳು!

"ಏನಂತಾಳವ್ವ?"

"ಆರೋಗ್ಯ ವಿಚಾರಿಸ್ತಾಳ, ದೊಡ್ಡಪ್ಪಾ."

"ಎಂಥಾ ಸಂಸ್ಕಾರ ನೋಡು!" ಎಂದು ಅವರು ಒಂದು ಶಾಲು ಬಿಡಿಸಿಯೇಬಿಟ್ಟರು. ಅವರನ್ನೂ ಪೆಟ್ಟಿಗೆಯನ್ನೂ ಎಳೆದುಕೊಂಡು ಹೊರಗೆ ಬರುವಷ್ಟರಲ್ಲಿ ನನಗೆ ಅರ್ಧ ಆಯುಸ್ಸು ಮುಗಿದಿತ್ತು.

ಸೆಮಿನರಿ ಒಂದು ಸಣ್ಣ ಗುಡ್ಡದ ಮೇಲಿತ್ತು. ಗೇಟಿನಲ್ಲೇ ಕಾದಿದ್ದ ಸುಗುಣ ಓಡಿಬಂದು ತಾಯಿಯನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು, ನಕ್ಕರು, ಮತ್ತೆ ಅತ್ತರು. ಮರುದಿನ ಬೆಳಗ್ಗೆ ಊಟದ ಮನೆಯಲ್ಲಿ ಬೇರೆಯದೇ ಗೋಳು. ಪದವಿ ಗೌನುಗಳೆಲ್ಲ ಒಂದೇ ಅಳತೆಯಲ್ಲಿ ಹೊಲಿದು ಬಂದಿದ್ದವು. ಕುಳ್ಳಗಿದ್ದವರಿಗೆ ನೆಲ ಗುಡಿಸುತ್ತಿದ್ದವು, ಉದ್ದಗಿದ್ದವರಿಗೆ ಮೊಣಕಾಲಿಗೆ ನಿಂತಿದ್ದವು. ಎಸ್ತೇರಮ್ಮ ಮಗಳ ಗೌನನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು.

"ದೇವುಡಾ! ಇದು ಗೌನಾ, ಗೋಣಿಚೀಲಾನಾ?"

ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿದರು. "ಸಾಲಾಗಿ ನಿಲ್ಲಾಕ ಹೇಳವ್ವ ಎಲ್ಲಾರಿಗೂ!"

ಎಲ್ಲಿಂದಲೋ ಎರಡು ಹಳೆಯ ಮಷಿನು ಬಂದವು. ದೊಡ್ಡಪ್ಪ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅಳತೆ ಹಿಡಿದರು. ಎಸ್ತೇರಮ್ಮ ಒಂದರಲ್ಲಿ, ಒಬ್ಬ ಅಧ್ಯಾಪಕರ ಹೆಂಡತಿ ಇನ್ನೊಂದರಲ್ಲಿ ಕುಳಿತು ಹೊಲಿದರು. ವಿದ್ಯಾರ್ಥಿಗಳು ಅಂಚು ಬಿಚ್ಚುತ್ತಾ, ಹಾಡುತ್ತಾ, ತಮ್ಮ ಸರದಿಗೆ ಕಾಯುತ್ತಾ ಗಲಾಟೆಯೋ ಗಲಾಟೆ. ಪ್ರಿನ್ಸಿಪಾಲರೇ ಬಂದು ತಮ್ಮ ತೋಳು ಉದ್ದವಾಯಿತೆಂದು ಸಾಲಿನ ಕೊನೆಯಲ್ಲಿ ನಿಂತರು!

ಆ ಸಾಲಿನಲ್ಲಿ ತಾಂಗ್ ಎಂಬ ಬರ್ಮಾ ದೇಶದ ತರುಣನಿದ್ದ. ದೊಡ್ಡಪ್ಪ ಅವನ ಭುಜಕ್ಕೆ ಪಿನ್ನು ಚುಚ್ಚುತ್ತಾ, "ನಿಮ್ಮ ಕಡಿಯಿಂದ ಯಾರು ಬಂದಾರಪ್ಪಾ?" ಎಂದರು. ನಾನು ಇಂಗ್ಲಿಷಿನಲ್ಲಿ ಕೇಳಿದೆ. ಯಾರೂ ಇಲ್ಲ ಎಂದ. ಅವನ ತಾಯಿ ಇರುವ ಬೆಟ್ಟದ ಹಳ್ಳಿಯ ಸುತ್ತ ಕಾಳಗ. ರಸ್ತೆ ಮುಚ್ಚಿದೆ. ಅಲ್ಲಿ ಫೋಟೋ ಕಳಿಸುವಷ್ಟು ನೆಟ್‌ವರ್ಕೂ ಇಲ್ಲ. ಪದವಿಯ ಗುರುತಾದ ಬಟ್ಟೆಯ ಪಟ್ಟಿಯನ್ನು ಗೌನಿನ ಮೇಲೆ ಹೆಗಲಿಗೆ ಹಾಕುವವರು ಮನೆಯವರೇ ಆಗಿರಬೇಕೆಂಬುದು ಇಲ್ಲಿನ ಪದ್ಧತಿಯಂತೆ. ತನಗೆ ಯಾರಾದರೂ ಮೇಷ್ಟರು ಹಾಕುತ್ತಾರೆ ಎಂದು ನಕ್ಕ. ಆ ನಗು ಅಷ್ಟೇನೂ ಚೆನ್ನಾಗಿರಲಿಲ್ಲ.

ದೊಡ್ಡಪ್ಪ ಬಾಯಿಂದ ಪಿನ್ನುಗಳನ್ನು ತೆಗೆದರು. "ಯಾಕ? ನಾ ಸತ್ತೀನೇನು? ಕೇಳವ್ವ, ನಾ ಹಾಕಿದ್ರ ನಡೀತೈತೇನು ಅಂತ."

ಕೇಳಿದೆ. ತಾಂಗ್ ದೊಡ್ಡಪ್ಪನ ಹಣೆಯ ಮೂರು ಪಟ್ಟೆ ವಿಭೂತಿಯನ್ನು ನೋಡಿದ, ಪಂಚೆಯನ್ನು ನೋಡಿದ. ಆಮೇಲೆ ಆಗಲಿ ಎಂದು ತಲೆ ಆಡಿಸಿದ.

ಮಧ್ಯಾಹ್ನ ಸಮಾರಂಭ. ಸುಗುಣಳ ಹೆಸರು ಕರೆದಾಗ ಎಸ್ತೇರಮ್ಮ ಎದ್ದು ಹೋಗಿ, ಪಟ್ಟಿ ಹಾಕಿ, ಹಾಕಿದ್ದನ್ನು ಮುಟ್ಟಿ ಮುಟ್ಟಿ ನೋಡಿದಳು. ತಾಂಗ್‌ನ ಹೆಸರು ಬಂತು. ಕುಟುಂಬದವರು ಬರಬೇಕೆಂದರು. ಬಿಳಿ ಪಂಚೆಯ ದೊಡ್ಡಪ್ಪ ಮದುವೆ ಮನೆಯ ಬೀಗರಂತೆ ವೇದಿಕೆ ಹತ್ತಿದರು. ಸಭೆಯಲ್ಲಿ ಪಿಸುಮಾತು. ದೊಡ್ಡಪ್ಪ ಪಟ್ಟಿ ಹಾಕಿ ಸುಮ್ಮನೆ ಇಳಿದರೇ? ಕಾಲರು ಸರಿಮಾಡಿದರು. ಒಂದು ದಾರದ ಎಳೆ ಕಂಡಿತು, ಕಿತ್ತರು. ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ಹೋಗಿ ಭುಜ ತೀಡಿದರು. ಮುಂದಿನವರು ಮೆಟ್ಟಿಲ ಮೇಲೆ ಕಾಯುತ್ತಲೇ ಇದ್ದರು!

ಸಭೆ ಮುಗಿದದ್ದೇ ಅಂಗಳದ ಮಾವಿನ ಮರದ ಕೆಳಗೆ ಸನ್ಮಾನ. ಕುದಿಯುವ ಸೆಕೆಯಲ್ಲಿ ಇಪ್ಪತ್ತೇಳು ಮಂದಿ ಗೌನಿನ ಮೇಲೆ ಶಾಲು ಹೊದ್ದು ಬೆವರಿನಲ್ಲಿ ಮಿಂದು ನಿಂತರು. ದೊಡ್ಡಪ್ಪ ಕನ್ನಡದಲ್ಲಿ ಇಪ್ಪತ್ತು ನಿಮಿಷ ಮಾತಾಡಿದರು. ನಾನು ಎದ್ದು, "ಇವರಿಗೆ ತುಂಬಾ ಸಂತೋಷವಾಗಿದೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಕುಳಿತೆ. ಭಾರಿ ಚಪ್ಪಾಳೆ.

"ಅಷ್ಟಕ್ಕೆಲ್ಲಾ ಇಷ್ಟೇ ಏನು?"

"ಇಂಗ್ಲಿಷು ಸಣ್ಣ ಭಾಷೆ, ದೊಡ್ಡಪ್ಪಾ."

"ಪಾಪ!" ಎಂದರು, ನಿಜವಾದ ಮರುಕದಿಂದ.

ಊರಿಗೆ ಬಂದು ಮೂರು ತಿಂಗಳಾಗಿರಬಹುದು. ಒಂದು ಸಂಜೆ ಚಹಾದ ಹೊತ್ತಿಗೆ ನಾನು ಕಾರ್ಖಾನೆಯಲ್ಲಿದ್ದಾಗ ದೊಡ್ಡಪ್ಪನ ಫೋನಿಗೆ ತಾಂಗ್‌ನ ಕರೆ ಬಂತು. ಅವನು ಇನ್ನೂ ಫಿಲಿಪ್ಪೀನ್ಸಿನಲ್ಲೇ ಇದ್ದ. ಅವನ ತಾಯಿ ಅರ್ಧ ದಿನ ನಡೆದು, ಸಿಗ್ನಲ್ ಸಿಗುವ ಬೆಟ್ಟದ ನೆತ್ತಿ ಹತ್ತಿ ಅವನಿಗೆ ಫೋನು ಮಾಡಿದ್ದಳು. ತನ್ನ ಬದಲು ನಿಂತವರ ಜೊತೆ ಮಾತಾಡಬೇಕು ಎಂದಿದ್ದಳು. ಅವಳನ್ನೂ ಅದೇ ಕರೆಗೆ ಸೇರಿಸಿಕೊಂಡ ತಾಂಗ್ ಅವಳ ಮಾತನ್ನು ಇಂಗ್ಲಿಷಿಗೆ ತಂದ, ನಾನು ಕನ್ನಡಕ್ಕೆ ತಂದೆ.

ಅವಳು ಮೊದಲು ಕೇಳಿದ್ದೇ ಇದು. ಆ ದಿನ ನನ್ನ ಮಗ ಹೇಗೆ ಕಾಣುತ್ತಿದ್ದ?

ದೊಡ್ಡಪ್ಪ ಕೈ ಎತ್ತಿದರು. ಹನ್ನೆರಡು ಮಷಿನೂ ನಿಂತವು.

"ಅಂಗಿ ಬಿಳೀದ್ರಿ ಯವ್ವಾ, ಮಡಿ ಇತ್ತು, ಇಸ್ತ್ರಿ ಆಗಿತ್ತು. ಮ್ಯಾಲ ಕರೀ ಗೌನು. ನಿಮ್ಮ ಮಗಂದು ಬಲಗಡಿ ಭುಜ ಚೂರು ಇಳುವು. ನಿಮಗ ಗೊತ್ತಿರಬೇಕು. ಅಲ್ಲೊಂದು ಒಳಮಡಿಕಿ ಹಿಡಿದ್ವಿ. ಆಮ್ಯಾಲ ನೆಟ್ಟಗ ಕುಂತ್ತು."

ಆ ಕಡೆಯಿಂದ ಒಂದು ಸಣ್ಣ ನಗು ಕೇಳಿತು. ಚಿಕ್ಕವನಿದ್ದಾಗ ಬೆಟ್ಟ ಹತ್ತಿ ನೀರು ಹೊರುತ್ತಿದ್ದದ್ದು ಆ ಭುಜದ ಮೇಲೇ ಎಂದಳು. ಆಮೇಲೆ ಕೇಳಿದಳು. ಅವನು ನಕ್ಕನೇ?

"ಹತ್ತುವಾಗ ಇಲ್ರಿ. ಸುಳ್ಳ್ಯಾಕ ಹೇಳ್ಲಿ? ಇಳಿಯುವಾಗ ನಕ್ಕ. ಹಲ್ಲೆಲ್ಲಾ ಕಾಣಂಗ ನಕ್ಕ."

ತಾಂಗ್ ತಾಯಿಯ ಮಾತನ್ನು ದಾಟಿಸಿದ. "ಸರಿ. ಈಗ ನಾನೂ ನೋಡಿದೆ."

ಅದನ್ನು ಕನ್ನಡದಲ್ಲಿ ಹೇಳಿದೆ. ದೊಡ್ಡಪ್ಪ ಫೋನಿನ ಹತ್ತಿರಕ್ಕೆ ಬಾಗಿದರು.

"ಹೊತ್ತು ಮುಳುಗಾಕ ಬಂದಿರಬೇಕಲ್ಲೇನವ್ವ ಅಲ್ಲಿ? ಬೆಟ್ಟ ಇಳಿಯುವಾಗ ನಿಧಾನ ಅಂತ ಹೇಳು ಆ ಅಕ್ಕಗ. ನೋಡಿ ಕಾಲಿಡು ಅಂತ ಹೇಳು."