ವಾಸನೆಯನ್ನು ಮುಟ್ಟಿ ತೋರಿಸು

ಮುಟ್ಟಲು ಬರುವುದೆಲ್ಲ ಕಾಂಕ್ರೀಟ್ ನೌನ್, ಮುಟ್ಟಲು ಬಾರದ್ದೆಲ್ಲ ಅಬ್‌ಸ್ಟ್ರಾಕ್ಟ್ ನೌನ್. ಮುಂಬೈ ಹತ್ತಿರ ಡೊಂಬಿವಲಿಯ ನಮ್ಮ ಟ್ಯೂಷನ್ ಕ್ಲಾಸಿನಲ್ಲಿ ಇದನ್ನು ನಂಬದವರಿರಲಿಲ್ಲ. ಗೋಡೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆಸಿದ್ದರು. ಬರೆಸಿದವರು ಕ್ಲಾಸಿನ ಮಾಲೀಕರು, ವಿಜಯಪುರದ ಕಡೆಯವರು. ನಾವೆಲ್ಲ ಅವರನ್ನು ದೊಡ್ಡ ಸರ್ ಎನ್ನುತ್ತೇವೆ. ನಾನು ಅಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಎಂ.ಎ. ಓದಿದವನು ಗೋಡೆಯ ಜೊತೆ ವಾದಕ್ಕಿಳಿಯಬಾರದು ಎಂದು ಗೊತ್ತು. ಇಳಿಯುತ್ತೇನೆ. ಆ ಗೋಡೆ ಇರುವವರೆಗೆ ಈ ಕೆಳಗಿನಂಥ ಪ್ರಸಂಗಗಳಿಗೆ ಬರವಿಲ್ಲ. ಕಾಂಕ್ರೀಟ್ ಅಂದರೆ ಸಿಮೆಂಟು, ಜಲ್ಲಿ ಎಂಬ ಜೋಕನ್ನು ಮಾತ್ರ ಯಾರೂ ಹೇಳಬೇಡಿ. ಪ್ರತಿ ಜೂನಿನಲ್ಲೂ ಕೇಳುತ್ತೇನೆ.

ಸೂರ್ಯ

ಎಂಟನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಾಳೆ. ಉಡುಪಿ ಕಡೆಯವರು, ಸ್ಟೇಷನ್ ಹತ್ತಿರ ಅವರದೊಂದು ಹೋಟೆಲು. ಮನೆಯಲ್ಲಿ ತುಳು, ಹೊರಗೆ ಹಿಂದಿ. ಕನ್ನಡದಲ್ಲಿ ಕೇಳಿದರೂ ಉತ್ತರ ಹಿಂದಿಯಲ್ಲೇ.

ಒಂದು ದಿನ ದೊಡ್ಡ ಸರ್ ತಾವೇ ನೌನ್ ಪಾಠ ಮಾಡಿದರು. ನಾನು ಹಿಂದಿನ ಬೆಂಚಿನಲ್ಲಿದ್ದೆ.

“ಸರ್, ಚಾಂದ್?” ಅಂದಳು ಹುಡುಗಿ.

“ಕಾಂಕ್ರೀಟ್. ಹೋದವ್ರು ಮುಟ್ಟಿ ಬಂದಾರ.”

“ಔರ್ ಸೂರಜ್?”

“ಅದೂ ಕಾಂಕ್ರೀಟ್.”

“ಕಿಸ್‌ನೇ ಛುವಾ?” ಯಾರು ಮುಟ್ಟಿದ್ದಾರೆ ಎಂದು.

“ಮುಟ್ಟಾಕ ಬರ್ತದವಾ. ಮುಟ್ಟಿದಾವ ಹೇಳಾಕ ವಾಪಸ್ ಬರಂಗಿಲ್ಲ, ಅಷ್ಟ.”

ಪಜೇಶನ್

ನಮ್ಮ ಗಣಿತದ ಮೇಡಂ ಖಾರಘರದಲ್ಲಿ ಗುಡ್ಡದ ಬುಡಕ್ಕೊಂದು ಫ್ಲ್ಯಾಟ್ ಬುಕ್ ಮಾಡಿದ್ದಾರೆ. ಪಜೇಶನ್ ಯಾವಾಗ, ಅಂದರೆ ಮನೆ ಕೈಗೆ ಯಾವಾಗ ಎಂದು ಕೇಳಿದರೆ ಬಿಲ್ಡರ್ ದೀಪಾವಳಿಗೆ ಎನ್ನುತ್ತಾನೆ. ಯಾವ ದೀಪಾವಳಿ ಎಂದು ಹೇಳಿಲ್ಲ.

ಚಹಾದ ಹೊತ್ತಿನಲ್ಲಿ ನಾನು ತಯಾರಿಸುತ್ತಿದ್ದ ಪ್ರಶ್ನೆಗಳಲ್ಲಿ ಆ ಪದ ಅವರ ಕಣ್ಣಿಗೆ ಬಿತ್ತು. “ಪಜೇಶನ್ ಯಾವ ನೌನ್ ಸರ್?”

“ಅಬ್‌ಸ್ಟ್ರಾಕ್ಟ್. ಕಾಣೋದಿಲ್ಲ, ಕೈಗೆ ಸಿಗೋದಿಲ್ಲ. ಮನಸ್ಸಿನಲ್ಲಿ ಮಾತ್ರ ಇರುತ್ತೆ.”

ಮೇಡಂ ಕಪ್ಪನ್ನು ಮೇಜಿನ ಮೇಲಿಟ್ಟರು. “ಅಂದರೆ ಬಿಲ್ಡರ್‌ಗೆ ಗ್ರಾಮರ್ ಗೊತ್ತಿತ್ತು. ನನಗೇ ಗೊತ್ತಿರಲಿಲ್ಲ.”

ನಾಲ್ಕನೇ ಸೀಟು

ಲೋಕಲ್ ರೈಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನು ಬಂದು, “ಥೋಡಾ ಸರಕೋ” ಎಂದು ತುದಿಯಲ್ಲಿ ಕೂರುತ್ತಾನೆ. ಅದಕ್ಕೆ ನಾಲ್ಕನೇ ಸೀಟು ಎಂದು ಹೆಸರು. ರೈಲ್ವೆಯವರು ಮಾಡಿದ್ದಲ್ಲ, ಜನ ಮಾಡಿಕೊಂಡಿದ್ದು.

ಒಂದು ಸಂಜೆ ಥಾಣೆ ಸ್ಟೇಷನ್ನಿನಲ್ಲಿ ಕಲ್ಯಾಣಕ್ಕೆ ಹೋಗುವ ಗಾಡಿ ಹತ್ತಿದಾಗ ದೊಡ್ಡ ಸರ್ ಆ ತುದಿಯಲ್ಲಿದ್ದರು. ಒಂದು ಕಾಲು ದಾರಿಯಲ್ಲಿ, ಬ್ಯಾಗು ಎದೆಯ ಮೇಲೆ. ನಾನು ಹಿಡಿಕೆಗೆ ಜೋತುಬಿದ್ದು ಕೇಳಿದೆ: “ಈ ನಾಲ್ಕನೇ ಸೀಟು ಕಾಂಕ್ರೀಟೋ, ಅಬ್‌ಸ್ಟ್ರಾಕ್ಟೋ ಸರ್?”

“ಕಾಂಕ್ರೀಟ್ ರೀ. ಕುಂತೀನಲ್ಲ.”

“ಪೂರ್ತಿ ಕೂತಿದ್ದೀರಾ?”

“ಅರ್ಧ.”

“ಉಳಿದರ್ಧ?”

“ಅದು ದೇವರ ಮ್ಯಾಲಿನ ನಂಬಿಕಿ ಮ್ಯಾಲ ಕುಂತದ.”

ವಾಸನೆ

ನಮ್ಮ ಕ್ಲಾಸಿನಲ್ಲಿ ಎ ಬ್ಯಾಚು, ಬಿ ಬ್ಯಾಚು ಎಂದು ಎರಡಿವೆ. ಟೆಸ್ಟಿನಲ್ಲಿ ಒಂದು ಮಾರ್ಕು ಕಡಿಮೆಯಾದರೂ ಎ ಇಂದ ಬಿಗೆ ಇಳಿಸುತ್ತಾರೆ. ಸೂರ್ಯನ ಬಗ್ಗೆ ಕೇಳಿದ ಹುಡುಗಿ ಎ ಬ್ಯಾಚಿನವಳು. ಕಳೆದ ಟೆಸ್ಟಿನಲ್ಲಿ ಅವಳು ‘ಸ್ಮೆಲ್’ ಕಾಂಕ್ರೀಟ್ ನೌನ್ ಎಂದು ಬರೆದಳು.

ಡೊಂಬಿವಲಿಯ ಮಗು ಬೇರೆ ಏನು ಬರೆದೀತು? ಎಂಐಡಿಸಿಯ ಕೆಮಿಕಲ್ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದರೆ ಇಲ್ಲಿ ವಾಸನೆ ಮನೆಯೊಳಗೆ ಬಂದು ಕೂರುತ್ತದೆ. ನೆಂಟರಾದರೂ ಬಾಗಿಲು ತಟ್ಟಿ ಬರುತ್ತಾರೆ.

ನಾನು ಮಾರ್ಕು ಕೊಟ್ಟೆ. ದೊಡ್ಡ ಸರ್ ಹೊಡೆದು ಹಾಕಿದರು. ನಾನು ಮತ್ತೆ ಕೊಟ್ಟೆ. ಅವರು ಮತ್ತೆ ಹೊಡೆದರು. ಉತ್ತರಪತ್ರಿಕೆಗೆ ಅಲ್ಲಿ ತೂತು ಬಿತ್ತು.

“ಐದು ಇಂದ್ರಿಯಗಳಲ್ಲಿ ಯಾವುದಕ್ಕೆ ಸಿಕ್ಕರೂ ಕಾಂಕ್ರೀಟ್ ಸರ್,” ಎಂದೆ. “ಯಾವ ಗ್ರಾಮರ್ ಪುಸ್ತಕ ಬೇಕಾದರೂ ತೆಗೆದು ನೋಡಿ.”

“ಐದು ಹೇಳಿದ್ರ ಹುಡುಗ್ರು ಗಡಿಬಿಡಿ ಆಗ್ತಾವ್ರೀ. ಟೆಸ್ಟಿಗೆ ಒಂದ ಇಂದ್ರಿಯ ಸಾಕು.” ಹುಡುಗಿಯ ಕಡೆ ತಿರುಗಿದರು. “ಎಲ್ಲಿ, ವಾಸನಿ ಮುಟ್ಟಿ ತೋರಸು.”

“ಮೈ ಕ್ಯೂಂ ಛೂಊಂ ಸರ್? ವೋ ಖುದ್ ಆಕೆ ಛೂತಾ ಹೈ,” ಅಂದಳು. ನಾನೇಕೆ ಮುಟ್ಟಲಿ, ಅದೇ ಬಂದು ಮುಟ್ಟುತ್ತದೆ.

ಮಾರ್ಕು ಹೋಯಿತು, ಬ್ಯಾಚೂ ಹೋಯಿತು. ಹುಡುಗಿ ಬಿ ಬ್ಯಾಚಿಗೆ ಕಾಲಿಡಲಿಲ್ಲ. ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು, ಆ ವಾರವೆಲ್ಲ. ನಾನು ಬಾಗಿಲ ಬಳಿ ನಿಂತು, ಮೆಟ್ಟಿಲಿಗೂ ಕೇಳುವಷ್ಟು ಜೋರಾಗಿ ಪಾಠ ಮಾಡಿದೆ. ಕೊನೆಗೆ ದೊಡ್ಡ ಸರ್ ಅವಳ ತಾಯಿಗೆ ಹೇಳಿಕಳಿಸಿದರು: ಬಿ ಬ್ಯಾಚಿನಲ್ಲಿ ಕೂರಬೇಕು, ಇಲ್ಲವೇ ಕ್ಲಾಸು ಬಿಡಬೇಕು.

ತಾಯಿ ಹೋಟೆಲಿನ ಗಲ್ಲಾ ಬಿಟ್ಟು ಬಂದಿದ್ದರು. ಅವಸರದಲ್ಲಿದ್ದರು.

“ಎಂತ ಮಾಡಿದ್ಳು ಸರ್ ಇವಳು?”

“ಬಿ ಬ್ಯಾಚಿಗೆ ಹೋಗಂಗಿಲ್ಲ ಅಂತಾಳ್ರೀ ಅಕ್ಕಾರ. ವಾಸನಿ ಅನ್ನೂದು ಬರೇ ಕಲ್ಪನಾ, ಅಬ್‌ಸ್ಟ್ರಾಕ್ಟ್. ಅದಕ್ಕ ಹಠ ಹಿಡದು ಕುಂತಾಳ.”

“ನಂಗೆ ಗ್ರಾಮರ್ ಎಲ್ಲ ಗೊತ್ತಾಗುದಿಲ್ಲ ಮಾರಾಯ್ರೆ. ಬಿ ಬ್ಯಾಚಿಗೆ ಪಾಠ ಬೇರೆಯಾ?”

“ಇಲ್ರೀ, ಪಾಠ ಒಂದ.”

“ಸರ್ ಬೇರೆಯಾ?”

“ಸರೂ ಇವರ.” ನನ್ನತ್ತ ಕೈ ತೋರಿಸಿದರು, ಅಷ್ಟೇನೂ ಅಭಿಮಾನದಿಂದಲ್ಲ.

“ಮತ್ತೆ ಎ ಬ್ಯಾಚಿಗೆ ಹೋದವರಿಗೆ ಜಾಸ್ತಿ ಸಿಗುದು ಎಂತ?”

ಕ್ಲಾಸಿನ ಹಿರಿಮೆ ಹೇಳಲು ಅವಕಾಶ ಸಿಕ್ಕರೆ ದೊಡ್ಡ ಸರ್ ಬಿಡುವವರಲ್ಲ. ಕುರ್ಚಿಯಲ್ಲಿ ನೆಟ್ಟಗಾದರು.

“ಶಾಣ್ಯಾ ಹುಡುಗ್ರಿಗೆ ಅಂತ ರಸ್ತೆ ಕಡೆ ರೂಮ್ ಇಟ್ಟೀವ್ರೀ. ಅಲ್ಲಿ ವಾಸನಿ ಬರಂಗಿಲ್ಲ.”