ತಪ್ಪು ಟ್ಯೂಬಿನ ಆಸೆ

1993ರಲ್ಲಿ, ಎಂಟನೇ ಇಯತ್ತೆಯ ನಡುವೆ, ನಾನು ಶಾಲೆ ಬಿಟ್ಟೆ. ಬಿಟ್ಟೆ ಅಂತ ಹೇಳುವುದೇ ನನಗೆ ಹಿತ. ಬಿಡಿಸಿದರು ಅನ್ನುವವರೂ ಇದ್ದಾರೆ. ಬೋರ್ಡಿನ ಮೇಲಿನ ಲೆಕ್ಕ ತಪ್ಪು ಎಂದು ನಾನಂದೆ, ತಪ್ಪಿರುವುದು ನಿನ್ನ ತಲೆ ಎಂದು ಮಾಸ್ತರರು ಅಂದರು. ಇಬ್ಬರೂ ಹಟ ಬಿಡಲಿಲ್ಲ. ಶಾಲೆ ಅವರ ಕಡೆಗಿತ್ತು, ಹಾಗಾಗಿ ನಾನೇ ಹೊರಗೆ ಬಂದೆ. ತಪ್ಪಾಯಿತು ಎನ್ನುವ ಮಾತು ನನ್ನ ಬಾಯಿಗೆ ಬರುವುದಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿ ಅದನ್ನು ಕೇಳಿಲ್ಲ, ಕಾಯುವುದನ್ನೂ ಬಿಟ್ಟಿದ್ದಾಳೆ.

ಖೂಬಾ ಪ್ಲಾಟ್‌ನ ಒಂದು ರಕ್ತ ತಪಾಸಣೆಯ ಲ್ಯಾಬಿಗೆ ಬಾಟಲಿ ತೊಳೆಯಲು ಸೇರಿದವನು, ನೋಡಿ ನೋಡಿ ಕಲಿತು, ಈಗ ರಕ್ತಕ್ಕೆ ಕರೆಂಟು ಕೊಡುವವನಾಗಿದ್ದೇನೆ. ಹೀಗೆ ಹೇಳಿದ್ದಕ್ಕೆ ಕೋಟನೂರಿನ ನಮ್ಮ ಓಣಿಯವರು ನಾನು ರೋಗಿಗಳಿಗೆ ಶಾಕ್ ಕೊಡುತ್ತೇನೆಂದು ತಿಳಿದು, ಕೆಲವು ದಿನ ನನ್ನ ಪಕ್ಕ ಕೂರಲೂ ಹಿಂಜರಿದರು. ಸಂಗತಿ ಅದಲ್ಲ. ರಕ್ತ ಹೆಪ್ಪುಗಟ್ಟಿದಾಗ ಮೇಲೆ ಹಳದಿ ನೀರು ನಿಲ್ಲುತ್ತದೆ. ಅದರ ಒಂದು ಹನಿಯನ್ನು ಜೆಲ್ಲಿನ ತೆಳ್ಳನೆಯ ಹಾಳೆಯ ತುದಿಗಿಟ್ಟು ಎರಡೂ ಬದಿಗೆ ಕರೆಂಟು ಕೊಟ್ಟರೆ, ಒಳಗಿನ ಪ್ರೋಟೀನುಗಳು ಓಡತೊಡಗುತ್ತವೆ, ಕಮಲಾಪುರದ ಬಸ್ಸು ಬಂದಾಗ ಜನ ಓಡುವ ಹಾಗೆ. ಆಲ್ಬುಮಿನ್ ಎಂಬುದು ಎಲ್ಲರಿಗಿಂತ ಮುಂದೆ ಹೋಗಿ ಕಿಟಕಿಯ ಸೀಟು ಹಿಡಿಯುತ್ತದೆ. ಗಾಮಾ ಎಂಬವು ಗಂಟುಮೂಟೆ ಹೊತ್ತ ಮುದುಕರಂತೆ ಹಿಂದೆಯೇ ಚದುರಿ ನಿಲ್ಲುತ್ತವೆ. ಬಣ್ಣ ಹಾಕಿ ತೊಳೆದರೆ ಯಾರು ಎಲ್ಲಿ ನಿಂತರೆಂಬುದು ನೀಲಿ ಪಟ್ಟಿಗಳಾಗಿ ಕಾಣುತ್ತದೆ. ಗಾಮಾ ಚದುರಿ ಮಸುಕಾಗಿದ್ದರೇ ಚೆಂದ. ಅಲ್ಲಿ ಒಂದೇ ಬಗೆಯದು ಗುಂಪುಗಟ್ಟಿ, ಕಾಡಿಗೆ ತೀಡಿದಂಥ ಗೆರೆಯಾದರೆ, ಎಲುಬಿನೊಳಗೆ ಕೆಟ್ಟದ್ದೇನೋ ಬೆಳೆಯುತ್ತಿದೆಯೆಂದು ಅನುಮಾನ.

ಇದರಲ್ಲಿ ಒಂದು ಮೋಸವೂ ಇದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಔಷಧಿ ಇರುತ್ತದೆ. ಅದರಲ್ಲಿ ತೆಗೆದರೆ ಹೆಪ್ಪಿನ ಜೊತೆ ಹೋಗಬೇಕಾದ ಪ್ರೋಟೀನು ಅಲ್ಲೇ ಉಳಿದು, ಗಾಮಾದ ಪಕ್ಕದಲ್ಲಿ ಸುಳ್ಳು ಗೆರೆ ಎಳೆಯುತ್ತದೆ. ಕೆಂಪು ಮುಚ್ಚಳದ್ದೇ ಬೇಕು. ಈ ತಪ್ಪಿಗೆ ನಾನು ಡಿಗ್ರಿ ಓದಿದವರನ್ನೂ ಬೈದಿದ್ದೇನೆ. ಆ ಸುಖ ಏನೆಂದು ಓದು ಬಿಟ್ಟವರಿಗೇ ಗೊತ್ತು.

ಹೋದ ತಿಂಗಳು ಕಮಲಾಪುರದಿಂದ ಅಕ್ಕ ಬಂದಳು. ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚೀಲ, ಸೊಂಟದಲ್ಲಿ ಆರು ತಿಂಗಳ ನೋವು. ಡಾಕ್ಟರು ಇದೇ ತಪಾಸಣೆ ಬರೆದುಕೊಟ್ಟಿದ್ದರು. ನಾನೇ ರಕ್ತ ತೆಗೆಯಲು ಕೂತೆ.

“ಎಂಟನೇ ಇಯತ್ತೆ ಬಿಟ್ಟವನ ಕೈಯಾಗ ಸೂಜಿ ಕೊಟ್ಟಾರಲ್ಲೋ ತಮ್ಮಾ, ನಿಮ್ಮ ಲ್ಯಾಬಿನ ಮೇಡಂಗ ಧೈರ್ಯ ಭಾಳ ಅದ ನೋಡು,” ಅಂದಳು.

ಸಂಜೆ ಹಾಳೆಯ ಬಣ್ಣ ತೊಳೆದಾಗ ಗೆರೆ ಕಂಡಿತು. ಮತ್ತೆ ತೊಳೆದೆ. ಅಕ್ಕಪಕ್ಕದ ಸಾಲಿನವರ ಗಾಮಾ ಎಲ್ಲ ಸಭ್ಯವಾಗಿ ಮಸುಕಾಗಿತ್ತು. ಅಕ್ಕನ ಸಾಲಿನದು ಮಾತ್ರ ತೊಳೆದಷ್ಟೂ ಎದ್ದು ಕಾಣುತ್ತಿತ್ತು. ವರದಿಗೆ ಸಹಿ ಹಾಕುವ ಡಾಕ್ಟರ್ ಮೇಡಂ ಅದನ್ನು ನೋಡುವ ಮೊದಲೇ ನಾನು ಹೇಳಿಬಿಟ್ಟೆ:

“ತಪ್ಪಾಗ್ಯಾದ್ರೀ ಮೇಡಂ. ನೇರಳೆ ಟ್ಯೂಬಿನ್ಯಾಗ ತಗೊಂಡೀನಿ.”

ಅವರು ರ‍್ಯಾಕಿನಲ್ಲಿದ್ದ ಟ್ಯೂಬು ನೋಡಿದರು. ಮುಚ್ಚಳ ಕೆಂಪಗಿತ್ತು. ಆಮೇಲೆ ನನ್ನನ್ನು ನೋಡಿ, ಹಾಗಾದರೆ ನಾಳೆ ಇನ್ನೊಮ್ಮೆ ತಗೊಳ್ಳಿ ಅಂದರು. ಸುಳ್ಳನ್ನು ಅಷ್ಟು ಮರ್ಯಾದೆಯಿಂದ ಕೇಳಿಸಿಕೊಂಡವರನ್ನು ನಾನು ಕಂಡಿಲ್ಲ.

ಮರುದಿನ ಅಕ್ಕನಿಗೂ ಅದನ್ನೇ ಹೇಳಿದೆ: ನನ್ನದೇ ತಪ್ಪು, ಮತ್ತೊಮ್ಮೆ ಚುಚ್ಚಬೇಕು. ನಗುತ್ತಾಳೆ, ವರ್ಷಗಟ್ಟಲೆ ಆಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತ ಕೂತಳು.

“ನೀ ತಪ್ಪು ಒಪ್ಕೊಳ್ಳಾಕತ್ತಿ ಅಂದ್ರ, ನನಗ ದೊಡ್ಡದೇ ಏನೋ ಆಗ್ಯಾದ,” ಅಂದು ತೋಳು ಚಾಚಿದಳು.

ಆ ದಿನ ಟ್ಯೂಬಿನ ಮುಚ್ಚಳವನ್ನು ಮೂರು ಸಲ ನೋಡಿದೆ. ಗೆರೆ ಅದೇ ಜಾಗದಲ್ಲಿ ಬಂತು. ಮೇಡಂ ಸಹಿ ಹಾಕಿದರು. ಮುಂದಿನ ತಪಾಸಣೆ ಎಲುಬಿನದು. ಅದು ನಮ್ಮ ಲ್ಯಾಬಿನಲ್ಲಿ ಆಗುವುದಿಲ್ಲ.

ಈಗ ನನ್ನ ಹತ್ತಿರ ಇರುವುದಿಷ್ಟು: ಜೆಲ್ಲಿನ ಹಾಳೆ ಎರಡು. ಹೇಳಿದ ಸುಳ್ಳು ಎರಡು, ನಂಬಿದವರು ಯಾರೂ ಇಲ್ಲ. ಇರುವ ಅಕ್ಕ ಒಬ್ಬಳೇ.