ಮರಿಗಿಂತ ಮೊದಲು ಬಂದ ಚೈನು

ನಮ್ಮ ಸೋದರಮಾವನ ಮನೆಯಲ್ಲಿ ನಾಯಿ ಸಾಕುವುದು ಶುರುವಾಗಿ ಮೂರು ತಿಂಗಳ ಮೇಲಾಗಿತ್ತು. ಕೊರತೆಯೆಂದರೆ ಒಂದೇ, ನಾಯಿ ಇರಲಿಲ್ಲ!

ನಗಬೇಡಿ. ಮಾವ ಜೀವಮಾನವಿಡೀ ದನದ ವ್ಯಾಪಾರ ಮಾಡಿದವನು. ಹುಲ್ಲು, ನೀರು, ನೆರಳು ಹೊಂದಿಸಿಕೊಳ್ಳದೆ ದನ ಹೊಡೆದುಕೊಂಡು ಹೋಗುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಈಗ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಶಿವನಿ ಊರಿನ ಗೆಳೆಯನ ಮನೆಯ ನಾಯಿ ಗಬ್ಬವಾಗಿದೆಯೆಂದು ತಿಳಿದದ್ದೇ ತಡ, "ಒಂದು ಮರಿ ನಂಗೆ" ಎಂದು ಫೋನಿನಲ್ಲಿ ಹೇಳಿ, ಅವತ್ತೇ ಕಡೂರು ಪೇಟೆಯಿಂದ ಬೆಲ್ಟು, ಚೈನು ತಂದುಬಿಟ್ಟ.

ಮರುದಿನದಿಂದ ನಸುಕಿಗೇ ಎದ್ದು ಬರಿ ಚೈನು ಹಿಡಿದು ವಾಕಿಂಗು! ಪ್ರತಿ ಲೈಟುಕಂಬದ ಬಳಿ ಎರಡು ನಿಮಿಷ ನಿಲುಗಡೆ ಬೇರೆ. ಪಕ್ಕದ ಮನೆಯ ಮೇಷ್ಟ್ರು ತಡೆಯಲಾರದೆ ಕೇಳಿಯೇಬಿಟ್ಟರು.

"ಏನ್ ಯಜಮಾನ್ರೇ, ನಾಯಿ ತಪ್ಪಿಸ್ಕೊಂಡ್ಹೋಯ್ತಾ?"

"ಇನ್ನೂ ಹುಟ್ಟೇ ಇಲ್ಲ ಮೇಷ್ಟ್ರೇ. ನಾಳೆ ಅದು ಬಂದ್ಮೇಲೆ ಚಳಿ, ಮಂಡಿನೋವು ಅಂತ ನಾನು ಮಲಗ್ಬಿಟ್ರೆ? ಈಗ್ಲೇ ರೂಢಿ ಮಾಡ್ಕೋತಿದೀನಿ."

ನನ್ನನ್ನೂ ಎಳೆದುಕೊಂಡು ದನದ ಡಾಕ್ಟರ ಬಳಿ ಹೋದ. ಯಾವ್ಯಾವ ಇಂಜೆಕ್ಷನ್ನು, ಎಷ್ಟು ಖರ್ಚು, ಏನು ತಿನ್ನಿಸಬೇಕು, ಎಲ್ಲ ವಿಚಾರಿಸಿದ.

"ಮರಿ ಎಲ್ಲಿ ಯಜಮಾನ್ರೇ?"

"ಹೊಟ್ಟೇಲಿದೆ ಸಾರ್."

ಡಾಕ್ಟರು ಮಾವನ ಹೊಟ್ಟೆಯನ್ನೊಮ್ಮೆ ನೋಡಿದರು!

ಹೊರಡುವಾಗ ಮಾವ, "ಎಷ್ಟು ವರ್ಷ ಬದುಕ್ತವೆ ಸಾರ್?" ಎಂದ.

"ಚೆನ್ನಾಗ್ ನೋಡ್ಕೊಂಡ್ರೆ ಹನ್ನೆರಡಕ್ಕೇನೂ ಮೋಸ ಇಲ್ಲ."

ಮಾವ ಮನೆ ಮುಟ್ಟುವವರೆಗೆ ಬೆರಳು ಮಡಚಿ ಮಡಚಿ ಏನೋ ಲೆಕ್ಕ ಹಾಕುತ್ತಲೇ ಇದ್ದ.

ಇಂಜೆಕ್ಷನ್ನಿನ ಖರ್ಚಿಗಿರಲೆಂದು ನಶ್ಯ ಬಿಟ್ಟ. ಅತ್ತೆಗೆ ಸಂತೋಷಪಡಬೇಕೋ, ಸಿಟ್ಟಾಗಬೇಕೋ ತಿಳಿಯಲಿಲ್ಲ. "ನಲವತ್ತು ವರ್ಷ ನಾನ್ ಬಡ್ಕೊಂಡೆ, ಬಿಡ್ಲಿಲ್ಲ. ಹುಟ್ಟದೇ ಇರೋ ನಾಯಿ ಬಿಡಿಸ್ಬಿಡ್ತು ನೋಡೋ!"

ಅಂತೂ ಮರಿಗಳು ಹುಟ್ಟಿ ಓಡಾಡತೊಡಗಿದ ಮೇಲೆ ನಾವಿಬ್ಬರೂ ರೈಲು ಹತ್ತಿ ಶಿವನಿಗೆ ಹೋದೆವು. ಮಾವ ಒಂದೊಂದರ ಬಾಯಿ ತೆರೆದು ಹಲ್ಲು ನೋಡಿದ, ಬೆನ್ನ ಮೇಲೆ ಸುಳಿ ಹುಡುಕಿದ, ನಡಿಗೆ ಪರೀಕ್ಷಿಸಿದ.

"ಉಳುಮೆಗೆ ಕಟ್ತೀಯೇನೋ ಮಾರಾಯ?" ಎಂದ ಗೆಳೆಯ.

ಪರೀಕ್ಷೆ ಮುಗಿಯುವಷ್ಟರಲ್ಲಿ ಕಂದು ಮರಿಯೊಂದು ಮಾವನ ಪಂಚೆಯ ಮೇಲೇ ನಿದ್ದೆಹೋಗಿತ್ತು. ಮಾವ ಅದನ್ನು ಮೆಲ್ಲಗೆ ಎತ್ತಿ ತಾಯಿಯ ಪಕ್ಕಕ್ಕಿಟ್ಟ. "ಒಂದು ಏರ್ಪಾಡು ಬಾಕಿ ಐತೆ ಕಣೋ. ಅದಾಗ್ಲಿಲ್ಲ ಅಂದ್ರೆ ಬೇರೆ ಯಾರಿಗಾದ್ರೂ ಕೊಟ್ಬಿಡು."

ಇನ್ನೇನು ಬಾಕಿ? ಮರಿಗೆ ಆಧಾರ್ ಕಾರ್ಡೇ? ನನಗೆ ನಿಜಕ್ಕೂ ಸಿಟ್ಟು ಬಂತು.

ಕಡೂರಿಗೆ ಬಂದು ಜಗಲಿಯಲ್ಲಿ ಕೂತೆವು. ಅತ್ತೆ ಒಳಗೆ ಕಾಫಿ ಸೋಸುತ್ತಿದ್ದರು. "ಕೈ ಕೊಡೋ ಅಳಿಯ" ಎಂದವನು ಹೆಗಲ ಮೇಲಿನ ಟವೆಲನ್ನು ನಮ್ಮಿಬ್ಬರ ಕೈಗಳ ಮೇಲೆ ಹೊದಿಸಿದ. ದನದ ವ್ಯಾಪಾರದಲ್ಲಿ ಪಕ್ಕದವರಿಗೆ ತಿಳಿಯದಂತೆ ದರ ಹೇಳುವುದು ಹೀಗೇ, ಬೆರಳು ಹಿಡಿದು. ಮಾವ ನನ್ನ ಐದೂ ಬೆರಳು ಹಿಡಿದು ಬಿಟ್ಟ. ಆಮೇಲೆ ಮೂರು.

"ಇದು ನನ್ ಪಾಲು. ಜಾಸ್ತೀನೇ ಹೇಳಿದೀನಿ." ಮತ್ತೆ ನಾಲ್ಕು ಹಿಡಿದ, ಬಿಡಲಿಲ್ಲ. "ಹನ್ನೆರಡು ವರ್ಷಕ್ಕೆ ಇಷ್ಟು ಕಮ್ಮಿ ಬೀಳ್ತವೆ. ನಿಮ್ಮತ್ತೆ ಕೈಲಾಗಲ್ಲ. ಅದು ಬಾಗ್ಲಲ್ಲಿ ನನ್ ದಾರಿ ಕಾಯ್ತಾ ಕೂತ್ಕೋಬಾರ್ದು ಕಣೋ. ಆಗ ನೀನ್ ಕರ್ಕೊಂಡ್ಹೋಗ್ತೀಯಾ?"

ಅಷ್ಟರಲ್ಲಿ ಅತ್ತೆ ಲೋಟ ಹಿಡಿದು ಬಂದರು. "ಏನ್ರೀ ಅದು, ಅಳಿಯನ ಹತ್ರ ವ್ಯಾಪಾರ?"

ನಾನು ಟವೆಲಿನಡಿಯಲ್ಲೇ ಅವನ ಒರಟು ಬೆರಳು ಐದನ್ನೂ ಅದುಮಿದೆ. ಬಿಟ್ಟು, ಮತ್ತೆ ಐದು. ಮತ್ತೆ ಎರಡು.

"ಮರಿ ಜವಾಬ್ದಾರಿ ನಂದು. ಆದ್ರೆ ಇದಕ್ಕಿಂತ ಒಂದು ಕಮ್ಮಿಯಾದ್ರೂ ನಾನ್ ಒಪ್ಪಲ್ಲ ಮಾವ" ಎಂದೆ.

ಎಂಥೆಂಥವರ ಜೊತೆಗೋ ಚೌಕಾಸಿಗೆ ನಿಂತಿದ್ದ ಮನುಷ್ಯ ಒಂದು ಬೆರಳನ್ನೂ ಇಳಿಸಲಿಲ್ಲ. ಕೈಯನ್ನೂ ಬಿಡಲಿಲ್ಲ.